ತಿಗರಿ ಕೊಳ್ಳುವ ಮುನ್ನ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನನ್ನ ತರಗತಿಯಲ್ಲಿ ಕುಳಿತವರೆಲ್ಲ ವಿಸ್ತರಿಸಿ ಬರೆದವರೇ. ಎಲ್ಲರೂ ದೊಣ್ಣೆಯ ಬಗ್ಗೆ ಒಂದು ಪುಟ ತುಂಬಿಸುತ್ತಿದ್ದಿರಿ. ಆ ಒಂದು ವರುಷದಲ್ಲಿ ಕುಂಬಾರನು ಮಾಡುವ ಕೆಲಸವಾದರೂ ಏನು ಎಂದು ಬರೆದವರು ತೀರ ವಿರಳ. ಇಂದು ಆ ವರುಷದ ಬಗ್ಗೆಯೇ ನಾಲ್ಕು ಮಾತು ಬರೆಯಬೇಕಾಗಿದೆ.

ಕಾರಣವಿಷ್ಟೆ. ಕಳೆದ ಕೆಲವು ತಿಂಗಳುಗಳಲ್ಲಿ ನಿಮ್ಮಲ್ಲಿ ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದೀರಿ. ಒಬ್ಬಳು ದಾಂಡೇಲಿಯ ಹತ್ತಿರ ಹೋಂ ಸ್ಟೇ ನಡೆಸುತ್ತಿದ್ದಾಳೆ. ಇನ್ನೊಬ್ಬ ಬ್ಯಾಂಕಿನ ನೌಕರಿಯಿಂದ ನಿವೃತ್ತನಾಗಿ ಹಳಿಯಾಳಕ್ಕೆ ಮರಳಿದ್ದಾನೆ. ಮೂರನೆಯವಳು ಪುಣೆಯಲ್ಲಿರುವ ನನ್ನ ತಂಗಿಯ ಸೊಸೆ. ಶಾಲೆಯಲ್ಲಿ ಶನಿವಾರ ಮಕ್ಕಳಿಂದ ಮಣ್ಣಿನ ಕೆಲಸ ಮಾಡಿಸುತ್ತಿದ್ದ ಮಾಸ್ತರರು ತಾನೆ, ಇವರಿಗೆ ಗೊತ್ತಿರಬೇಕು ಎಂಬ ವಿಶ್ವಾಸ. ಪ್ರಶ್ನೆ ಹೀಗಿತ್ತು: “ಮನೆಯಲ್ಲೇ ಮಣ್ಣಿನ ಪಾತ್ರೆ ಮಾಡಲು ತೊಡಗಬೇಕೆಂದಿದ್ದೇನೆ. ಯಾವ ಎಲೆಕ್ಟ್ರಿಕ್ ತಿಗರಿ ಕೊಳ್ಳಲಿ, ಸರ್?”

ಮೂವರಿಗೂ ನನ್ನ ಉತ್ತರ ಒಂದೇ. ಯಾವುದನ್ನೂ ಕೊಳ್ಳಬೇಡಿ. ತಿಗರಿಯಿಂದ ಆರಂಭವಾಗುವ ಮಣ್ಣಿನ ಕೆಲಸವು ತುದಿಯಿಂದ ಬುಡಕ್ಕೆ ಗಿಡ ನೆಟ್ಟಂತೆ. ಮಾರುವವನಿಗೆ ಅದರಿಂದ ಲಾಭವಿದೆ, ಕಲಿಯುವವನಿಗಿಲ್ಲ. ಇದು ಮುದುಕನ ಹಠವಲ್ಲ; ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಮಣ್ಣು. ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಹದವಾಗಿಯೇ ಬರುವ ಮಣ್ಣನ್ನು ತರಿಸಿಕೊಂಡವನಿಗೆ ಮಣ್ಣಿನ ಪರಿಚಯವೇ ಆಗುವುದಿಲ್ಲ. ನಮ್ಮ ನಾಲ್ಕು ತಾಲೂಕುಗಳಲ್ಲಿ ಮಣ್ಣು ಒಂದೇ ಬಗೆಯದಲ್ಲ. ಜೋಯಿಡಾ, ದಾಂಡೇಲಿಯ ಕಾಡಿನ ಕಡೆ ಸಿಗುವ ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ ಹರಳು ಹೆಚ್ಚು, ಅಂಟು ಕಡಿಮೆ. ಹಳಿಯಾಳ, ಮುಂಡಗೋಡದ ಕೆರೆಗಳ ಮತ್ತು ಭತ್ತದ ಗದ್ದೆಗಳ ತಳದಲ್ಲಿ ನಿಂತ ನುಣ್ಣನೆಯ ಮಣ್ಣಿಗೆ ಅಂಟಿದೆ. ಪೂರ್ವಕ್ಕೆ ಧಾರವಾಡದತ್ತ ಹೋದರೆ ಎರೆಮಣ್ಣು. ಅಂಟೇನೋ ಧಾರಾಳ, ಒಣಗುವಾಗ ಬಿರಿಯುವುದೂ ಅಷ್ಟೇ ಧಾರಾಳ. ಕುಂಬಾರನು ಇವುಗಳಲ್ಲಿ ಒಂದನ್ನು ಇನ್ನೊಂದರೊಡನೆ ಬೆರೆಸಿ, ಮರಳು, ಬೂದಿ, ಲದ್ದಿ ಸೇರಿಸಿ ಹದ ತರುತ್ತಾನೆ. ಲದ್ದಿ ಏಕೆಂದು ಮೂಗು ಮುರಿಯಬೇಡಿ. ಅದರಲ್ಲಿನ ನಾರು ಹಸಿ ಮಣ್ಣನ್ನು ಹಿಡಿದಿಡುತ್ತದೆ; ಬೆಂಕಿಯಲ್ಲಿ ಅದು ಸುಟ್ಟುಹೋದಾಗ ಉಳಿಯುವ ಸೂಕ್ಷ್ಮ ರಂಧ್ರಗಳೇ ಮುಂದೆ ಗಡಿಗೆಯ ನೀರನ್ನು ತಂಪಾಗಿಸುವುದಕ್ಕೂ ನೆರವಾಗುತ್ತವೆ.

ಈ ಪಾಠಕ್ಕೆ ಒಂದು ರೂಪಾಯಿಯ ಖರ್ಚಿಲ್ಲ. ಮಣ್ಣನ್ನು ಪೂರ್ತಿ ಒಣಗಿಸಿ, ಕುಟ್ಟಿ, ನೀರಿನಲ್ಲಿ ನೆನೆಹಾಕಿ. ಅರೆಹಸಿ ಮಣ್ಣಿಗಿಂತ ಪೂರ್ತಿ ಒಣಗಿದ ಮಣ್ಣೇ ನೀರಿನಲ್ಲಿ ಬೇಗ ಕರಗುತ್ತದೆ. ಕಲಕಿ, ಜರಡಿಯಲ್ಲಿ ಸೋಸಿ, ಮೇಲಿನ ತಿಳಿನೀರು ಬಸಿದು, ಹಳೆಯ ಧೋತರದ ಮೇಲೆ ಹರಡಿ ಆರಿಸಿ. ಕಣಕದಂತೆ ಹದವಾದಾಗ ಬೆರಳಿನ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರಿದರೆ ಅಂಟು ಸಾಲದು. ಮಣ್ಣಿನ ಹಲಗೆಯೊಂದನ್ನು ತಟ್ಟಿ ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರಿನ ಗೆರೆ ಎಳೆಯಿರಿ. ಒಣಗಿದ ಮೇಲೆ ಅಳೆಯಿರಿ. ಗೆರೆ 9.2 ಆಗಿದ್ದರೆ ಮಣ್ಣು ನೂರಕ್ಕೆ ಎಂಟರಷ್ಟು ಕುಗ್ಗಿತು. ಇನ್ನೂ ಹೆಚ್ಚು ಕುಗ್ಗಿದರೆ ಮರಳು ಸೇರಿಸಿ ಮತ್ತೆ ಪರೀಕ್ಷಿಸಿ. ಇದಕ್ಕಿಂತ ಉತ್ತಮವಾದ ವಿಜ್ಞಾನದ ಪಾಠವನ್ನು ನಾನು ಯಾವ ಪಠ್ಯಪುಸ್ತಕದಲ್ಲಿಯೂ ಕಾಣಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಒಣ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಇಳಿದರೆ ವಾಸಿಯಾಗದ ರೋಗ ತರುತ್ತದೆ. ಮಣ್ಣನ್ನು ಬಯಲಿನಲ್ಲಿ ಕುಟ್ಟಿ, ಮೂಗಿಗೆ ಬಟ್ಟೆಗಿಂತ ಒಳ್ಳೆಯ ಮುಸುಕು ಹಾಕಿ. ಕೋಣೆಯನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಎರಡನೆಯದು ಕೈ. ತಿಗರಿಯಿಲ್ಲದೆ ಪಾತ್ರೆಯಾಗದು ಎಂಬ ನಂಬಿಕೆ ಎಲ್ಲಿಂದ ಬಂತೋ ತಿಳಿಯದು, ಪ್ರಾಯಶಃ ಸಿನಿಮಾಗಳಿಂದ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ತೀರ ಕೆಳಗಿನ ಪದರಗಳಲ್ಲಿ ದೊರೆತವು ಕೈಯಿಂದಲೇ ಮಾಡಿದ ಬೂದುಬಣ್ಣದ ಮಡಕೆಗಳು. ನಮ್ಮ ಪೂರ್ವಿಕರು ಶತಮಾನಗಳ ಕಾಲ ತಿಗರಿಯಿಲ್ಲದೆ ಅಟ್ಟು ಉಂಡರು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸ್ಯಾನ್ ಇಲ್ಡೆಫಾನ್ಸೊ ಎಂಬ ಆದಿವಾಸಿ ಊರಿನ ಮರಿಯಾ ಮಾರ್ಟಿನೆಜ್ (1887–1980) ಮಣ್ಣಿನ ಹುರಿಗಳನ್ನು ಸುತ್ತಿ ಪಾತ್ರೆ ಕಟ್ಟಿ, ನುಣುಪು ಕಲ್ಲಿನಿಂದ ಉಜ್ಜಿ, ಬಯಲಿನ ಬೆಂಕಿಗೆ ಒಣ ಲದ್ದಿಯ ಪುಡಿ ಸುರಿದು ಹೊಗೆ ಕಟ್ಟಿಸಿ, ಕನ್ನಡಿಯಂತೆ ಹೊಳೆಯುವ ಕಪ್ಪು ಪಾತ್ರೆಗಳನ್ನು ಮಾಡಿದರು. ಅವು ಇಂದು ವಸ್ತುಸಂಗ್ರಹಾಲಯಗಳ ಆಸ್ತಿ. ನೈಜೀರಿಯಾದ ಲಾದಿ ಕ್ವಾಲಿ ಎಂಬ ಹೆಣ್ಣುಮಗಳು ಕೈಯಿಂದಲೇ ಹಂಡೆಯಂಥ ಕೊಡಗಳನ್ನು ಕಟ್ಟುತ್ತಿದ್ದರು. ಆ ದೇಶದ 20 ನೈರಾ ನೋಟಿನ ಮೇಲೆ ಇರುವುದು ಅವರ ಚಿತ್ರ.

ಅಷ್ಟು ದೂರ ಏಕೆ? ನಮ್ಮ ಕುಂಬಾರನ ಗಡಿಗೆಯನ್ನೇ ನೋಡಿ. ಅದರ ದುಂಡನೆಯ ತಳ ತಿಗರಿಯ ಮೇಲೆ ಆದದ್ದಲ್ಲ. ತಿಗರಿಯಿಂದ ಇಳಿಯುವುದು ಬಾಯಿ, ಕಂಠ ಮತ್ತು ದಪ್ಪಗಿನ ಗೋಡೆ ಮಾತ್ರ. ಅದು ಅರ್ಧ ಆರಿದ ಮೇಲೆ ಒಳಗಿನಿಂದ ದುಂಡು ಕಲ್ಲು ಒತ್ತಿಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಗೋಡೆಯನ್ನು ತೆಳುಮಾಡಿ ತಳವನ್ನು ಮುಚ್ಚುತ್ತಾರೆ. ಕಲ್ಲು ಮತ್ತು ಹಲಗೆ, ಇವೆರಡೇ ಗಡಿಗೆಯ ಗುಟ್ಟು. ಸಾವಿರಾರು ರೂಪಾಯಿ ಸುರಿದು ಮೋಟಾರಿನ ತಿಗರಿ ತಂದವನು ಈ ತಟ್ಟುವ ವಿದ್ಯೆಯನ್ನು ಕಲಿಯದಿದ್ದರೆ ಹತ್ತು ವರ್ಷ ಕಳೆದರೂ ನೀರಿನ ಕೊಡ ಮಾಡಲಾರ. ಚಹದ ಕಪ್ಪು, ಹೂದಾನಿಗಳಲ್ಲೇ ಉಳಿಯುತ್ತಾನೆ.

ಹಾಗಾದರೆ ಸಲಕರಣೆ ಯಾವುದು? ಹತ್ತು ಬೆರಳು. ಮುಷ್ಟಿ ಮಣ್ಣನ್ನು ಹೆಬ್ಬೆರಳಿನಿಂದ ಕುಳಿಮಾಡಿ ಚಿವುಟುತ್ತ ಬಟ್ಟಲು ಮಾಡುವುದು ಮೊದಲ ಪಾಠ. ಹುರಿ ಹೊಸೆದು ಸುತ್ತಿ ಕಟ್ಟುವುದು ಎರಡನೆಯದು. ರೊಟ್ಟಿಯಂತೆ ಹಲಗೆ ತಟ್ಟಿ, ಕತ್ತರಿಸಿ, ಅಂಚುಗಳನ್ನು ಕೊರೆದು ಕೆಸರಿನಿಂದ ಬೆಸೆಯುವುದು ಮೂರನೆಯದು. ಅಚ್ಚಿಗೆ ಒತ್ತುವುದು ನಾಲ್ಕನೆಯದು. 1966ರಲ್ಲಿ ಮುಂಡಗೋಡದಲ್ಲಿ ನೆಲೆ ಕಂಡ ಟಿಬೆಟಿನವರ ಸಂಪ್ರದಾಯದಲ್ಲಿ ಅಚ್ಚಿಗೆ ಒತ್ತಿ ಮಾಡುವ ‘ತ್ಸಾ ತ್ಸಾ’ ಎಂಬ ಪುಟ್ಟ ಪೂಜಾಮೂರ್ತಿಗಳಿವೆ. ಉಳಿದದ್ದೆಲ್ಲ ಹಿತ್ತಲಿನಲ್ಲಿದೆ. ಮಣ್ಣು ಕತ್ತರಿಸಲು ದಾರ, ಕೊರೆಯಲು ಸೈಕಲ್ಲಿನ ಕಡ್ಡಿ, ಕೆರೆಯಲು ಗರಗಸದ ಹಳೆಯ ಬ್ಲೇಡು, ನುಣುಪಿಸಲು ತೆಂಗಿನ ಕರಟದ ಚೂರು ಮತ್ತು ಹೊಳೆಯ ಕಲ್ಲು, ಅಡಿಗೆ ಹಾಸಲು ಅಡಿಕೆಯ ಹಾಳೆ. ‘ಸ್ಟಾರ್ಟರ್ ಕಿಟ್’ ಎಂದು ಡಬ್ಬಿಯಲ್ಲಿ ಮಾರುವುದು ಇದನ್ನೇ.

ಮೂರನೆಯದು ಬೆಂಕಿ. ಇಲ್ಲಿ ನಡೆಯುವಷ್ಟು ಮೋಸ ಇನ್ನೆಲ್ಲಿಯೂ ಇಲ್ಲ. ಗಾಳಿಗೆ ಆರಿದರೆ ಸಾಕು, ಕೇಕಿನ ಓವನ್ನಿನಲ್ಲಿ ಇಟ್ಟರೆ ಸಾಕು ಎಂದು ಹೇಳಿ ಮಾರುವ ವಸ್ತು ಬೊಂಬೆಗೆ ಸರಿ, ಪಾತ್ರೆಗಲ್ಲ. ಮನೆಯ ಓವನ್ನು ಸುಮಾರು 250 ಡಿಗ್ರಿಗೆ ನಿಲ್ಲುತ್ತದೆ. ಮಣ್ಣಿನ ಕಣದೊಳಗೆ ಕೂಡಿಕೊಂಡ ನೀರು ಬಿಟ್ಟುಹೋಗಿ, ಮತ್ತೆಂದೂ ಕರಗದ ಹೊಸ ವಸ್ತುವಾಗಲು 600 ಡಿಗ್ರಿಯಾದರೂ ಬೇಕು. ಕುಂಬಾರನ ಆವಿಗೆ 600ರಿಂದ 900 ಡಿಗ್ರಿಯವರೆಗೆ ಏರುತ್ತದೆ. ಗಟ್ಟಿ ಪಿಂಗಾಣಿಯಂಥವಕ್ಕೆ 1200ಕ್ಕೂ ಮೇಲೆ ಬೇಕು. ಸಣ್ಣ ವಿದ್ಯುತ್ ಭಟ್ಟಿಗೂ 3 ಕಿಲೋವಾಟ್ ಅಥವಾ ಇನ್ನೂ ಹೆಚ್ಚಿನ ವಿದ್ಯುತ್ತು ಗಂಟೆಗಟ್ಟಲೆ ಬೇಕು. ಮಳೆಗಾಲದಲ್ಲಿ ಜೋಯಿಡಾದ ಹಳ್ಳಿಗಳಲ್ಲಿ ದೀಪವೇ ನಿಲ್ಲದಿರುವಾಗ ಭಟ್ಟಿ ನಿಂತೀತೆ? ತಿಂಗಳಿಗೆ ಹತ್ತು ಬಟ್ಟಲು ಮಾಡುವವನಿಗೆ ಸ್ವಂತ ಭಟ್ಟಿ ಏತಕ್ಕೆ? ಕುಂಬಾರನ ಆವಿಗೆಯಲ್ಲಿ ಒಂದು ಮೂಲೆ ಕೇಳಿ, ಅದಕ್ಕೆ ಸಲ್ಲುವ ಹಣ ಕೊಡಿ.

ಮಣ್ಣಿನ ಬಾಟಲಿ, ಮಣ್ಣಿನ ಬಾಣಲೆಗಳಿಗೆ ವಾರ್ನಿಶು ಬಳಿದು ‘ನೈಸರ್ಗಿಕ’ ಎಂದು ಮಾರುವವರ ವಿಷಯವನ್ನೂ ಹೇಳಿಬಿಡುತ್ತೇನೆ. ಗಡಿಗೆಯ ನೀರು ತಂಪಾಗುವುದು ಗೋಡೆಯಿಂದ ಒಸರಿದ ನೀರು ಆರುವಾಗ ಒಳಗಿನ ಶಾಖವನ್ನು ಒಯ್ಯುವುದರಿಂದ. ರಂಧ್ರಗಳನ್ನು ಬಣ್ಣದಿಂದ ಮುಚ್ಚಿದರೆ ಅದು ಗಾಜಿನ ಬಾಟಲಿಗಿಂತ ಹೆಚ್ಚಿನದೇನೂ ಅಲ್ಲ. ಕಡಿಮೆ ಶಾಖದಲ್ಲಿ ಕರಗಲೆಂದು ಸೀಸ ಬೆರೆಸಿದ ಗಾಜಿನ ಲೇಪವಂತೂ ಅಪಾಯಕರ. ಹುಣಸೆಹುಳಿ, ಲಿಂಬೆ, ಮಜ್ಜಿಗೆಯಂಥ ಹುಳಿ ಪದಾರ್ಥಗಳಿಗೆ ಆ ಸೀಸ ಬಿಟ್ಟುಕೊಳ್ಳಬಹುದು. ಲೇಪದಲ್ಲಿ ಏನಿದೆ ಎಂದು ಹೇಳಲಾರದವನ ಪಾತ್ರೆಯಲ್ಲಿ ಉಣ್ಣಬೇಡಿ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಇಷ್ಟೆಲ್ಲ ಬಲ್ಲವನು ನಮ್ಮ ನಡುವೆಯೇ ಇದ್ದಾನೆ. ಅವನನ್ನು ಬಿಟ್ಟು ಉಳಿದೆಲ್ಲರನ್ನೂ ನಾವು ಕೇಳುತ್ತೇವೆ. ಹಳಿಯಾಳದಿಂದ ಅಳ್ನಾವರದ ಮೇಲೆ ಹಾಯ್ದರೆ ಖಾನಾಪುರ. ಮಣ್ಣಿಗೆ, ಹೆಂಚಿಗೆ, ಗಡಿಗೆಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿಯೇ ಇದೆ. ಬೆಂಗಳೂರಿಗೆ ಎರಡು ದಿನದ ‘ವರ್ಕ್‌ಶಾಪಿ’ಗೆ ಹೋಗಿಬರುವ ನೀವು ನೆರೆಯ ತಾಲೂಕಿನ ಈ ಊರಿಗೆ ಒಮ್ಮೆಯಾದರೂ ಹೋಗಿದ್ದೀರಾ?

ನಾನೇ ಕಂಡ ಮಾತು ಹೇಳುತ್ತೇನೆ. ಪ್ರವಾಸಿಗರ ತಾಣವೊಂದರಲ್ಲಿ ಒಬ್ಬ ವೃದ್ಧ ಕುಂಬಾರನನ್ನು ತಿಗರಿಯ ಮುಂದೆ ಕೂರಿಸಿದ್ದರು. ಬಂದವರ ಕೈಹಿಡಿದು ಎರಡು ನಿಮಿಷ ಮಣ್ಣು ತಿರುಗಿಸುವುದು, ಫೋಟೋ ತೆಗೆಸಿಕೊಳ್ಳುವುದು, ಆ ಪಾತ್ರೆಯನ್ನು ಮತ್ತೆ ಮುದ್ದೆ ಮಾಡಿ ಮುಂದಿನವರಿಗೆ ಕೊಡುವುದು. ಅರ್ಧ ಗಂಟೆ ನಿಂತು ನೋಡಿದೆ. ಆತನ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ಅದೇ ಜನ ಸಂತೆಯಲ್ಲಿ ಹರವಿ ಕೊಳ್ಳುವಾಗ ಹತ್ತು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡುತ್ತಾರೆ. ಮಾಲಿನಲ್ಲಿ ‘ಹ್ಯಾಂಡ್‌ಮೇಡ್’ ಎಂಬ ಚೀಟಿ ಅಂಟಿಸಿದ ಸೊಟ್ಟ ಬಟ್ಟಲಿಗೆ ಎಂಟುನೂರು ರೂಪಾಯಿಯನ್ನು ಮರುಮಾತಿಲ್ಲದೆ ಕೊಡುತ್ತಾರೆ. ಅವನು ಮಾಡಿದರೆ ಕುಲಕಸುಬು, ನಾವು ಮಾಡಿದರೆ ಕಲೆ! ಇದು ಯಾವ ನ್ಯಾಯ?

ಹಿಂದೆ ಕುಂಬಾರನು ಊರಿನ ಆಯಗಾರರಲ್ಲಿ ಒಬ್ಬ. ಅವನ ಮನೆಯಿಂದ ಐರಾಣಿ ಗಡಿಗೆ ತಾರದೆ ನಮ್ಮ ಕಡೆ ಮದುವೆ ಆಗುತ್ತಿರಲಿಲ್ಲ. ಗಡಿಗೆ ಬಾರಿಸಿದ ನಾದಕ್ಕೆ ಶಿವನನ್ನೇ ಕುಣಿಸಿದ ಕುಂಬಾರ ಗುಂಡಯ್ಯನ ಕಥೆಯನ್ನು ಹರಿಹರ ರಗಳೆಯಾಗಿ ಹಾಡಿದ. ಪಾಠದಲ್ಲಿ ಗುಂಡಯ್ಯನಿಗೆ ಕೈಮುಗಿದು ಸಂತೆಯಲ್ಲಿ ಅವನ ವಂಶದವನನ್ನು ಏಕವಚನದಲ್ಲಿ ಗದರುವ ವಿದ್ಯೆಯನ್ನು ನಾನಂತೂ ಕಲಿಸಿರಲಿಲ್ಲ.

ಕುಂಬಾರರಿಗೂ ಒಂದು ಮಾತು ಹೇಳಬೇಕು. ಹೆಂಗಸರು ತಿಗರಿ ಮುಟ್ಟಬಾರದೆಂಬ ಕಟ್ಟಳೆ ದೇಶದ ಬಹಳ ಕಡೆ ಇತ್ತು, ಇನ್ನೂ ಕೆಲವೆಡೆ ಇದೆ. ಮಣ್ಣು ತುಳಿಯುವವಳು, ಕೆಮ್ಮಣ್ಣು ಬಳಿಯುವವಳು, ತಲೆಯ ಮೇಲೆ ಹೊತ್ತು ಮಾರುವವಳು ಅವಳು. ಕುಂಬಾರನೆಂಬ ಹೆಸರು ಮಾತ್ರ ಅವನಿಗೆ. ಅವಳಿಗೆ ಕಲಿಸದ ಕಸುಬು ಉಳಿಯುವುದಾದರೂ ಹೇಗೆ?

ಸರಕಾರವೇನೂ ಸುಮ್ಮನಿಲ್ಲ. 2018ರಿಂದ ಖಾದಿ ಆಯೋಗವು ಕುಂಬಾರರಿಗೆ ವಿದ್ಯುತ್ ತಿಗರಿಗಳನ್ನು ಹಂಚಿದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ಇದೆ. ಒಳ್ಳೆಯದೇ. ಕೈಯಿಂದ ತಿಗರಿ ತಿರುಗಿಸಿ ಭುಜ ಸೋತವನಿಗೆ ಮೋಟಾರು ನಿಜವಾದ ಉಪಕಾರ, ಏಕೆಂದರೆ ಅವನಿಗೆ ವಿದ್ಯೆ ಮೊದಲೇ ಇದೆ. ನನ್ನ ಆಕ್ಷೇಪಣೆ ಯಂತ್ರದ ಮೇಲಲ್ಲ, ಕ್ರಮದ ಮೇಲೆ. ವಿದ್ಯೆಯ ಹಿಂದೆ ಬಂದ ಯಂತ್ರ ಸೇವಕ. ವಿದ್ಯೆಗಿಂತ ಮುಂದೆ ಬಂದದ್ದು ಅಟ್ಟದ ಮೇಲಿನ ಸಾಮಾನು. ಆದರೆ ಯಂತ್ರ ಕೊಟ್ಟ ಮಾತ್ರಕ್ಕೆ ಕುಂಬಾರ ಬದುಕಲಾರ. ಗಡಿಗೆ ಕೊಳ್ಳುವವರು ಬೇಕು, ಕಲಿಯಲು ಬರುವವರು ಬೇಕು.

ಶಾಲೆಗಳಿಂದ ಆ ಕೆಲಸ ಆಗಬಹುದಿತ್ತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಎಂದರು. ನನ್ನ ಕಾಲಕ್ಕೆ ಅದು ವೇಳಾಪಟ್ಟಿಯ ಒಂದು ಅವಧಿಯಾಗಿ ಕುಗ್ಗಿತ್ತು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಮಕ್ಕಳ ಕೆಸರುಗೈ ಕಂಡು, ನೆಲ ಹೊಲಸಾಗಿದೆ ಎಂದು ಷರಾ ಬರೆದು ಹೋದರು. ಆ ಮಕ್ಕಳ ಮನೆಗಳಲ್ಲೆಲ್ಲ ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ ಮಾಡುತ್ತಿದ್ದರು. ಇಂದು ಎತ್ತುಗಳನ್ನೂ ಕೊಂಡು ತರುತ್ತೇವೆ, ಮಗುವಿಗೆ ‘ಕ್ಲೇ ಮಾಡೆಲಿಂಗ್ ಕ್ಲಾಸಿ’ಗೆ ಶುಲ್ಕವನ್ನೂ ಕಟ್ಟುತ್ತೇವೆ.

ಕುಂಬಾರ ಕಲಿಸಲು ಒಪ್ಪುವನೇ ಎಂದು ನೀವು ಕೇಳಬಹುದು. ವೈದ್ಯರಿಗೆ, ಸಂಗೀತದ ಗುರುಗಳಿಗೆ ಕೊಡುವಂತೆ ಗಂಟೆಗೆ ಇಷ್ಟೆಂದು ಮರ್ಯಾದೆಯಿಂದ ಕೊಟ್ಟು, ‘ಯಜಮಾನರೇ, ಕಲಿಸಿಕೊಡಿ’ ಎಂದು ಕೇಳಿ ನೋಡಿ. ಅಲ್ಲಿ ಅವರು ಗುರು, ನೀವು ಶಿಷ್ಯರು.

ದಾಂಡೇಲಿಯ ನನ್ನ ವಿದ್ಯಾರ್ಥಿನಿಗೆ ಹೇಳುವುದಿಷ್ಟು. ತಿಗರಿಗೆಂದು ತೆಗೆದಿಟ್ಟ ಹಣವನ್ನು ಹಾಗೆಯೇ ಇಡು. ಈ ವರ್ಷ ಕೈಯಿಂದ ನೂರು ಬಟ್ಟಲು ಕಟ್ಟು. ಅತಿಥಿಗಳಿಗೆ ಬೇಕಾದ ಗಡಿಗೆ, ಕುಡಿಕೆ, ಹಣತೆಗಳನ್ನು ಹೇಳಿದ ಬೆಲೆಗೆ ಕುಂಬಾರರಿಂದ ಕೊಂಡು, ಮಾಡಿದವರ ಹೆಸರು ಬರೆದು ಇಡು. ನೂರನೆಯ ಬಟ್ಟಲು ಬಿರಿಯದೆ ಬೆಂಕಿ ದಾಟಿ ಬಂದ ಮೇಲೂ ತಿಗರಿ ಬೇಕೆನಿಸಿದರೆ, ಯಾವುದನ್ನು ಕೊಳ್ಳಬೇಕೆಂದು ಕೇಳಲು ನನ್ನ ಬಳಿ ಬರಬೇಡ; ನಿನಗೆ ಮಣ್ಣು ಕಲಿಸಿದವರನ್ನೇ ಕೇಳು. ನನ್ನ ಮಾತನ್ನು ಒಪ್ಪದವರು ಅವಶ್ಯ ಬರೆಯಿರಿ. ಬರೆಯುವ ಮೊದಲು ಕೈಗೆ ಒಂದಿಷ್ಟು ಮಣ್ಣು ಹತ್ತಿರಲಿ.