ನೆಲ ಡೊಂಕಿದ್ದರೆ ಡೊಂಕು ಅನ್ನಬೇಕಲ್ವಾ?

ಶೂಟಿಂಗ್ ರೇಂಜುಗಳಲ್ಲಿ ಅತಿ ಹೆಚ್ಚು ದುರ್ಬಳಕೆಯಾಗುವ ಗಾದೆ ಯಾವುದು ಅಂದರೆ, 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ'. ಯಾರಾದರೂ ಹೊಸಬರು 'ಸರ್, ಈ ಪಿಸ್ತೂಲಿನ ಗ್ರಿಪ್ ನನ್ನ ಕೈಗೆ ಕೂರ್ತಿಲ್ಲ' ಅಂತ ಬಾಯಿಬಿಟ್ಟರೆ ಸಾಕು, ಹಿಂದಿನಿಂದ ಈ ಗಾದೆ ಹಾರಿ ಬರುತ್ತೆ. ಎಲ್ಲರೂ ನಗ್ತಾರೆ, ಕೇಳಿದವರು ತೆಪ್ಪಗಾಗ್ತಾರೆ. ಅದೇ ಜಾಗದಲ್ಲಿ ನಮ್ಮ ಐಟಿ ಪೈಕಿ ಒಬ್ಬ 'ಟ್ರಿಗರ್ ಅಪ್‌ಗ್ರೇಡ್ ಮಾಡಿಸ್ಬೇಕು ಗುರೂ, ತುಂಬಾ ಗಟ್ಟಿ' ಅಂದರೆ ಮಾತ್ರ ಭಾರಿ ಗಂಭೀರ ಚರ್ಚೆ. ನನ್ನ ತಕರಾರು ಇದೇ. ಗಾದೆ ಬೀಳಬೇಕಾದದ್ದು ಟ್ರಿಗರ್ ಮೇಲೆ, ಬೀಳ್ತಿರೋದು ಗ್ರಿಪ್ ಮೇಲೆ.

ಟ್ರಿಗರ್ ವಿಷಯ ಬೇಗ ಮುಗಿಸೋಣ. 25 ಮೀಟರ್ ಸ್ಪರ್ಧೆಯ .22 ರಿಮ್‌ಫೈರ್ ಪಿಸ್ತೂಲಿಗೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಟ್ರಿಗರ್ ತೂಕ ಕನಿಷ್ಠ 1000 ಗ್ರಾಂ ಇರಲೇಬೇಕು. ನಳಿಗೆ ಮೇಲೆ ಮಾಡಿ, ಟ್ರಿಗರ್‌ಗೆ ತೂಕದ ಕಲ್ಲು ಸಿಕ್ಕಿಸಿ ಎತ್ತಿ ನೋಡ್ತಾರೆ. ಕಲ್ಲು ಎದ್ದು ಬರಬೇಕು, ಟ್ರಿಗರ್ ಬಿಟ್ಟುಕೊಡಬಾರದು. ಅಂದಮೇಲೆ ನೀವು ಎಷ್ಟು ದುಡ್ಡು ಸುರಿದರೂ ಅದಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. 'ಹಗುರ ಟ್ರಿಗರ್' ಅನ್ನೋ ಮೋಹ ಬಂದದ್ದು 50 ಮೀಟರಿನ ಫ್ರೀ ಪಿಸ್ತೂಲಿನಿಂದ ಇರಬೇಕು, ಅದಕ್ಕೆ ಕನಿಷ್ಠ ತೂಕ ಅಂತಲೇ ಇರಲಿಲ್ಲ. ಎಂಜಿನಿಯರ್ ಆಗಿದ್ದ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸಿನಲ್ಲಿ ಇಳಿದ ಸ್ಪರ್ಧೆ ಅದು. ರಿಯೊ ಆದಮೇಲೆ ಅದು ಒಲಿಂಪಿಕ್ಸಿನಿಂದಲೇ ಹೋಯ್ತು.

ಒಳ್ಳೆಯ ಟಾರ್ಗೆಟ್ ಪಿಸ್ತೂಲಿನ ಟ್ರಿಗರ್ ಫ್ಯಾಕ್ಟರಿಯಿಂದಲೇ ಅಡ್ಜಸ್ಟ್ ಮಾಡೋ ಹಾಗೆ ಬರುತ್ತೆ. ಮೊದಲ ಹಂತಕ್ಕೆ ಎಷ್ಟು ಭಾರ, ಕೊನೆಯ ಹಂತಕ್ಕೆ ಎಷ್ಟು, ಬಿಟ್ಟ ಮೇಲೆ ಬೆರಳು ಎಲ್ಲಿ ನಿಲ್ಲಬೇಕು, ಎಲ್ಲಕ್ಕೂ ಸ್ಕ್ರೂ ಇದೆ. ಅಷ್ಟು ಸಾಲದು ಅಂತ ಒಳಗಿನ ಸುತ್ತಿಗೆಯನ್ನು ಹಿಡಿದಿಡುವ ಕೊಂಡಿಯನ್ನೇ ಉಜ್ಜಿಸೋಕೆ ಹೊರಡೋರಿದ್ದಾರಲ್ಲ, ಅವರ ಪಕ್ಕದ ಲೇನಿನಲ್ಲಿ ನಾನು ನಿಲ್ಲಲ್ಲ. ಒಂದು ಸಲ ಒತ್ತಿದರೆ ಎರಡು ಗುಂಡು ಹಾರಿಸೋ ಪಿಸ್ತೂಲು ಹುಟ್ಟೋದು ಹಾಗೇ.

ಈಗ ಗ್ರಿಪ್. ನಮ್ಮೂರಲ್ಲಿ ಗುದ್ದಲಿಗೆ ಕಾವು ಹಾಕಿಸೋಕೆ ಹೋದರೆ ಬಡಗಿ ಮೊದಲು ಕೇಳ್ತಿದ್ದದ್ದು 'ಹಿಡಿಯೋರು ಯಾರು?' ಅಂತ. ಅಪ್ಪನ ಗುದ್ದಲಿಯ ಕಾವು ಬೇರೆ, ಅವ್ವನ ಕುಡುಗೋಲಿನ ಹಿಡಿ ಬೇರೆ. ಕಾವು ಸರಿಯಿಲ್ಲ ಅಂದವರನ್ನು ಯಾರೂ ಮೈಗಳ್ಳ ಅಂತಿರಲಿಲ್ಲ. ಲಕ್ಷಗಟ್ಟಲೆ ಬೆಲೆಯ ಪಿಸ್ತೂಲು ತರಿಸುವ ಕ್ಲಬ್ಬಿಗೆ ಮಾತ್ರ ಈ ಪ್ರಶ್ನೆ ಹೊಳೆಯಲ್ಲ. ದೊಡ್ಡ ಗಂಡಸಿನ ಕೈಯಳತೆಯ ಒಂದೇ ಗ್ರಿಪ್ ಇಟ್ಟು ಎಲ್ಲರ ಕೈಗೂ ಅದನ್ನೇ ಕೊಡ್ತಾರೆ.

ಸ್ವಲ್ಪ ಲೆಕ್ಕ ಮಾಡಿ. ಈ ಪಿಸ್ತೂಲಿನಲ್ಲಿ ಫ್ರಂಟ್ ಸೈಟ್‌ಗೂ ರಿಯರ್ ಸೈಟ್‌ಗೂ ನಡುವೆ ಹೆಚ್ಚೆಂದರೆ 220 ಮಿಲಿಮೀಟರ್. ಗ್ರಿಪ್ ಕೂರದೆ ಮಣಿಕಟ್ಟು ತಿರುಗಿ ಫ್ರಂಟ್ ಸೈಟ್ ಬರೀ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ, 25 ಮೀಟರ್ ದೂರದಲ್ಲಿ ಗುಂಡು ಸುಮಾರು 57 ಮಿಲಿಮೀಟರ್ ಆಚೆ ಬೀಳುತ್ತೆ. ಹತ್ತು ಅಂಕದ ವೃತ್ತದ ಅಗಲವೇ 50 ಮಿಲಿಮೀಟರ್. ಅಂದರೆ ನಡುವಿಗೆ ಹೋಗಬೇಕಿದ್ದ ಗುಂಡು ಒಂಬತ್ತನ್ನೂ ದಾಟಿ ಎಂಟಕ್ಕೆ! ಇದನ್ನು ಪರೀಕ್ಷಿಸೋದಕ್ಕೆ ಕೋಚ್ ಕೂಡ ಬೇಕಿಲ್ಲ. ರೇಂಜಿನಲ್ಲಿ ಖಾಲಿ ಪಿಸ್ತೂಲು ಹಿಡಿದು, ಕಣ್ಣು ಮುಚ್ಚಿ ಗುರಿಯ ಕಡೆ ಎತ್ತಿ, ಆಮೇಲೆ ಕಣ್ಣು ತೆರೆಯಿರಿ. ರಿಯರ್ ಸೈಟಿನ ಕಂಡಿಯ ನಡುವೆ ಫ್ರಂಟ್ ಸೈಟ್ ತಾನಾಗಿ ಬಂದು ಕೂತಿರಬೇಕು. ಪ್ರತಿ ಸಲವೂ ಒಂದೇ ಕಡೆ ವಾಲಿದ್ದರೆ ಡೊಂಕು ನಿಮ್ಮದಲ್ಲ, ನೆಲದ್ದು.

ನಾನು ಹೋಗುವ ರೇಂಜಿಗೆ ಪಿಯುಸಿ ಓದೋ ಹುಡುಗಿಯೊಬ್ಬಳು ಬರ್ತಾಳೆ. ಎರಡು ಬಸ್ಸು ಬದಲಾಯಿಸಿ. ಕ್ಲಬ್ಬಿನ ಪಿಸ್ತೂಲಿನಲ್ಲಿ ಅವಳ ಬೆರಳು ಟ್ರಿಗರ್‌ಗೆ ಮುಟ್ಟಬೇಕಾದರೆ ಇಡೀ ಕೈ ಸುತ್ತಿಸಿ ಹಿಡೀಬೇಕು. ಮುಂಗೈ ಒಂದು ಕಡೆ, ನಳಿಗೆ ಇನ್ನೊಂದು ಕಡೆ. ಕೋಚ್ ಹೇಳೋದು 'ನೀನು ಟ್ರಿಗರ್ ಜಗ್ತೀಯಮ್ಮ, ಕಾನ್ಸಂಟ್ರೇಶನ್ ಇಲ್ಲ' ಅಂತ. ಒಲಿಂಪಿಕ್ಸಿನಲ್ಲಿ 25 ಮೀಟರ್ ಪಿಸ್ತೂಲು ಹೆಂಗಸರ ಸ್ಪರ್ಧೆ ಸ್ವಾಮಿ. ಪ್ಯಾರಿಸ್ಸಿನಲ್ಲಿ ಮನು ಭಾಕರ್ ನಾಲ್ಕನೆಯವರಾಗಿದ್ದು ಅದರಲ್ಲೇ. ನಮ್ಮ ಆಫೀಸಿನಲ್ಲಿ ಕುರ್ಚಿಯ ಎತ್ತರ ಒಂದಿಂಚು ಹೆಚ್ಚುಕಮ್ಮಿಯಾದರೆ ಟಿಕೆಟ್ ರೈಸ್ ಮಾಡೋ ನಾವು, ಆ ಹುಡುಗಿಗೆ ಏಕಾಗ್ರತೆಯ ಪಾಠ ಹೇಳ್ತೀವಿ.

ಇಲ್ಲಿಗೆ ಯಾರಾದರೂ ಆ ಟರ್ಕಿಯ ಮಾಮನ ಫೋಟೊ ತೋರಿಸ್ತಾರೆ. ಯೂಸುಫ್ ದಿಕೆಚ್, ಪ್ಯಾರಿಸ್ 2024, ಮಿಶ್ರ ತಂಡದ ಏರ್ ಪಿಸ್ತೂಲಿನಲ್ಲಿ ಬೆಳ್ಳಿ. 'ನೋಡಿ, ಮಾಮೂಲಿ ಕನ್ನಡಕ, ಜೇಬಲ್ಲಿ ಕೈ, ಯಾವ ಸಲಕರಣೆಯೂ ಇಲ್ಲ!' ಜೇಬಲ್ಲಿ ಕೈ ಇಡೋದು ಹೆಚ್ಚುಕಮ್ಮಿ ಎಲ್ಲ ಪಿಸ್ತೂಲು ಶೂಟರ್‌ಗಳ ಅಭ್ಯಾಸ. ಫೋಟೊದಲ್ಲಿ ಅವರ ಬಲಗೈ ನೋಡಿ. ಅಂಗೈಯ ಆಕಾರಕ್ಕೆ ಕೆತ್ತಿದ ಗ್ರಿಪ್ ಅದು, ಕೈಯ ಕೆಳಗೆ ಆಸರೆಯ ಪಟ್ಟಿ ಸಮೇತ. ಕಣ್ಣಿಗೆ ಕಟ್ಟೋ ಲೆನ್ಸು ಬೇಡ ಅಂದರು, ಗ್ರಿಪ್ ಬೇಡ ಅನ್ನಲಿಲ್ಲ.

ಇದಕ್ಕೆ ಬೇಕಾದ ಖರ್ಚಾದರೂ ಎಷ್ಟು? ಅಂಗೈ ಹತ್ತಿರ ಟೊಳ್ಳಿದ್ದರೆ ಎಂ-ಸೀಲ್ ಮೆತ್ತಿ, ಒಣಗಿದ ಮೇಲೆ ಉಪ್ಪುಕಾಗದ ಹಾಕಿದರೆ ಆಯ್ತು. ಹೆಬ್ಬೆರಳಿಗೆ ಒತ್ತಿದರೆ ಅಲ್ಲಿ ಮರ ಕೆರೆದರಾಯ್ತು. ಮಣಿಕಟ್ಟಿಗೆ ಆಸರೆ ಕೊಡಬಾರದು ಅನ್ನೋದೊಂದು ನೆನಪಿದ್ದರೆ ಸಾಕು. ಕ್ಲಬ್ಬಿನ ಗ್ರಿಪ್ಪನ್ನು ಕೆರೆಯೋ ಹಾಗಿಲ್ಲ, ಒಪ್ಪೋಣ. ಆದರೆ ಅದನ್ನು ಬಿಚ್ಚಿ ಬೇರೆ ಹಾಕೋಕೆ ಒಂದೆರಡು ಸ್ಕ್ರೂ, ಐದು ನಿಮಿಷ. ಮುಂದಿನ ವರ್ಷದ ಶುಲ್ಕ ಕಟ್ಟೋ ಮೊದಲು ಪ್ರತಿಯೊಬ್ಬ ಸದಸ್ಯನೂ ಕೇಳಲಿ: ಪ್ರತಿ ಪಿಸ್ತೂಲಿಗೆ ಸ್ಮಾಲ್, ಮೀಡಿಯಂ, ಲಾರ್ಜ್ ಮೂರೂ ಗ್ರಿಪ್ ಎಲ್ಲಿ? ಹಾಗೇ ಎಡಗೈಯವರಿಗೂ ಒಂದು ತರಿಸಿ. ಸದ್ಯಕ್ಕೆ ಅವರು ಬಲಗೈಯಲ್ಲಿ ಹೊಡೆಯೋದನ್ನು ಕಲೀತಿದ್ದಾರೆ.