ಯುರೋಪ್ ಪ್ರವಾಸ: ಮೊದಲು ವೀಸಾ, ಆಮೇಲೆ ಟಿಕೇಟು

ಮಕ್ಕಳ ಪರೀಕ್ಷೆ ಮುಗಿದೊಡನೆ ಮನೆಮಂದಿಯೆಲ್ಲ ಯುರೋಪ್ ನೋಡಿ ಬರಬೇಕೆಂಬ ಬಯಕೆ ಈಗ ನಮ್ಮ ಅನೇಕ ವ್ಯಾಪಾರಿ ಕುಟುಂಬಗಳಲ್ಲಿದೆ. ಬಯಕೆ ಒಳ್ಳೆಯದೇ. ಆದರೆ ರಿಯಾಯಿತಿ ಕಂಡೊಡನೆ ಹಣ ವಾಪಸಾಗದ ಟಿಕೇಟು ಕೊಂಡು, ಅನಂತರ ವೀಸಾಕ್ಕೆ ಓಡುವ ಕ್ರಮ ಸರಿಯಲ್ಲ. ವೀಸಾ ದೊರೆಯದಿದ್ದರೆ ಟಿಕೇಟಿನ ಹಣವೂ ಹೋಯಿತು, ವೀಸಾ ಶುಲ್ಕವೂ ಹೋಯಿತು. ಅರ್ಜಿಗೆ ಕಾಯ್ದಿರಿಸಿದ ಟಿಕೇಟಿನ ಪತ್ರ ಸಾಕು.

ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಸೇರಿ 29 ದೇಶಗಳಿಗೆ ಷೆಂಗೆನ್ ಎಂಬ ಒಂದೇ ವೀಸಾ. ಇಂಗ್ಲೆಂಡು ಇದರಲ್ಲಿಲ್ಲ, ಅದಕ್ಕೆ ಬೇರೆಯೇ ವೀಸಾ ಬೇಕು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಸಲ್ಲಿಸಬೇಕು. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದಲೇ ಅರ್ಜಿ ಕೊಡಬಹುದು. ನಿರ್ಣಯಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನವೂ ಆದೀತು. ಬೆರಳಚ್ಚು ಕೊಡಲು ದೊಡ್ಡ ನಗರದ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯವರು ಈ ಓಡಾಟವನ್ನೂ ಲೆಕ್ಕ ಹಿಡಿಯಲಿ. ಮೇ ತಿಂಗಳ ಪ್ರವಾಸಕ್ಕೆ ಜನವರಿಯಲ್ಲೇ ಕಾಗದಪತ್ರ ಹೊಂದಿಸುವುದು ಲೇಸು.

ಹಿಂತಿರುಗಿದ ಮೇಲೂ 3 ತಿಂಗಳು ಪಾಸ್‌ಪೋರ್ಟಿನ ಅವಧಿ ಉಳಿದಿರಬೇಕು. 2 ಪುಟ ಖಾಲಿ ಇರಬೇಕು. ಕನಿಷ್ಠ 30,000 ಯುರೋಗಳ ವೈದ್ಯಕೀಯ ವಿಮೆ ಕಡ್ಡಾಯ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯುರೋ, 6ರಿಂದ 12 ವರ್ಷದೊಳಗಿನವರಿಗೆ 45. ಅದಕ್ಕೂ ಚಿಕ್ಕ ಮಕ್ಕಳಿಗೆ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಬ್ಯಾಂಕ್ ಲೆಕ್ಕದ್ದು. ಅರ್ಜಿಗೆ ವಾರವಿರುವಾಗ ಬಂಧುಗಳಿಂದ ಕೈಗಡ ತಂದು ಖಾತೆ ತುಂಬಿಸುವ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಅಧಿಕಾರಿಗಳು ನೋಡುವುದು ಕೇವಲ ಕೊನೆಯ ಶಿಲ್ಕನ್ನಲ್ಲ, ಹಿಂದಿನ ತಿಂಗಳುಗಳ ಜಮಾ-ಖರ್ಚನ್ನು. ಒಮ್ಮೆಲೇ ಬಂದ ದೊಡ್ಡ ಮೊತ್ತ ಅನುಮಾನಕ್ಕೇ ದಾರಿ. ಠೇವಣಿ ಮುರಿದು ತಂದ ಹಣವಾದರೆ ಅದರ ರಸೀದಿ ಜೋಡಿಸಿ. ನೀವು ಮರಳಿ ಬರುವಿರೆಂಬ ನಂಬಿಕೆ ಅವರಿಗೆ ಬರಬೇಕು. ಅದಕ್ಕೆ ಅಂಗಡಿಯ ಜಿ.ಎಸ್.ಟಿ. ನೋಂದಣಿ, ಆದಾಯ ತೆರಿಗೆ ಪತ್ರ, ಮಕ್ಕಳ ಶಾಲೆಯ ಪತ್ರ ನೆರವಾಗುತ್ತವೆ.

ಒಂದು ನಿರಾಕರಣೆಯ ದಾಖಲೆ ಅಲ್ಲಿನ ಎಲ್ಲ ದೇಶಗಳಿಗೂ ಕಾಣುವಂತೆ 5 ವರ್ಷಗಳವರೆಗೆ ಉಳಿಯುತ್ತದೆ. ನಾಳೆ ವ್ಯಾಪಾರಕ್ಕೆಂದೇ ಹೋಗಬೇಕಾದಾಗಲೂ ಅದು ಅಡ್ಡ ಬಂದೀತು. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿಯೇ ಕೊಡುತ್ತಾರೆ. ಅದನ್ನು ಓದಿ, ಕೊರತೆ ತುಂಬಿ ಮತ್ತೆ ಅರ್ಜಿ ಹಾಕಬಹುದು, ಮೇಲ್ಮನವಿಯನ್ನೂ ಸಲ್ಲಿಸಬಹುದು. ಆದರೆ ಸುಳ್ಳು ಕಾಗದದಿಂದ ಕೆಟ್ಟ ಹೆಸರನ್ನು ತಿದ್ದುವುದು ಸುಲಭವಲ್ಲ.

ಅಂಗಡಿಯಲ್ಲಿ ನಾವು ಕಾಯುವ ಲೆಕ್ಕದ ಶುದ್ಧಿಯನ್ನೇ ಅರ್ಜಿಯಲ್ಲೂ ಕಾಯೋಣ. ಹಣ ಈ ವರ್ಷ ಸಾಲದಿದ್ದರೆ ಮುಂದಿನ ವರ್ಷ ಹೋಗೋಣ. ಯುರೋಪ್ ಎಲ್ಲಿಗೂ ಹೋಗುವುದಿಲ್ಲ.