ಮುಂದಿನ ಗಾಲಿ ಸಣ್ಣದೇಕೆ?

ಮೇಡ್ಲೇರಿಯ ಹೊಲದಲ್ಲಿ ನಿಂತ ಟ್ರ್ಯಾಕ್ಟರನ್ನು ನೋಡಿ. ಹಿಂದಿನ ಗಾಲಿ ಎದೆಮಟ್ಟ, ಮುಂದಿನದು ಮೊಣಕಾಲಿಗಿಂತ ತುಸು ಮೇಲೆ. ಮುಂದೆಯೂ ಅಗಲದ್ದನ್ನೇ ಹಾಕಿದರೆ? ಹುಡುಗರು ಕೇಳುವ ಪ್ರಶ್ನೆಯೇ. ಪಾಂಟಿಯಾಕ್ ಜಿಟಿಓದಂಥ 1960ರ ದಶಕದ ಭಾರಿ ಎಂಜಿನ್ನಿನ ಅಮೆರಿಕನ್ ಕಾರುಗಳನ್ನು ಸಾಕಿಕೊಂಡ ಹವ್ಯಾಸಿಗಳಿಗೂ ಇದೇ ಆಸೆ.

ಎಂಜಿನ್ನಿನ ಬಲ ಹೋಗುವುದು ಹಿಂದಿನ ಗಾಲಿಗೆ. ಮುಂದಿನದರ ಮುಖ್ಯ ಕೆಲಸ ದಾರಿ ತಿರುಗಿಸುವುದು. ಟ್ರ್ಯಾಕ್ಟರಿನ ಮುಂದಿನ ಟೈರಿಗೆ ಸುತ್ತಲೂ ಏಣುಗಳಿರುತ್ತವೆ; ಅವು ಮಣ್ಣಿಗಿಳಿದು, ಗಾಲಿ ಪಕ್ಕಕ್ಕೆ ಜಾರದಂತೆ ಹಿಡಿಯುತ್ತವೆ.

ಟಾರು ರಸ್ತೆಯ ಮಾತು ಬೇರೆ. ಒಣ ರಸ್ತೆಯ ತಿರುವಿನಲ್ಲಿ ಅಗಲ ಟೈರಿನ ಹಿಡಿತ ಹೆಚ್ಚು, ನಿಜ. ಆದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಅದು ಮಡ್‌ಗಾರ್ಡಿಗೆ ಉಜ್ಜಬಹುದು. ಉಜ್ಜದಿರಲೆಂದು ಗಾಲಿಯನ್ನು ಹೊರಕ್ಕೆ ತಂದರೆ, ಅದು ತಿರುಗುವ ಕೀಲಿಗೂ ಟೈರಿನ ನಡುಮಧ್ಯಕ್ಕೂ ಅಂತರ ಬೆಳೆಯುತ್ತದೆ. ಅಂತರ ಬೆಳೆದಷ್ಟೂ ಸನ್ನೆಗೋಲು ಉದ್ದವಾದಂತೆ: ಒಂದು ಗಾಲಿ ಗುಂಡಿಗೆ ಬಿದ್ದರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ನಮ್ಮ ರಸ್ತೆಗಳಲ್ಲಿ ಗುಂಡಿಗೇನು ಬರ! ಬೇರಿಂಗುಗಳೂ ಬೇಗ ಸವೆಯುತ್ತವೆ. ಮಳೆ ನೀರು ನಿಂತಲ್ಲಿ ವೇಗವಾಗಿ ಹೋದರಂತೂ ಅಗಲ ಟೈರು ನೀರಿನ ಮೇಲೆ ಬೇಗ ತೇಲುತ್ತದೆ. ತೇಲುವ ಗಾಲಿಯನ್ನು ಎತ್ತ ತಿರುಗಿಸಿದರೂ ಬಂಡಿ ತಿರುಗದು.

ಮಗ ಹಳೆಯ ಜೀಪಿಗೆ ಅಗಲ ಟೈರು ಬೇಕೆಂದು ಹಟ ಹಿಡಿದರೆ ಗದರಬೇಡಿ. ಮೊದಲು ಟೈರಿನ ಪಕ್ಕದ ಅಂಕಿ ಓದಿಸಿ. 6.00-16 ಎಂದರೆ ಅಗಲ ಸುಮಾರು 6 ಇಂಚು, ರಿಮ್ಮಿನ ವ್ಯಾಸ 16 ಇಂಚು. ಹಳೆಯ ಜೀಪಿಗೂ, ಎಷ್ಟೋ ಟ್ರ್ಯಾಕ್ಟರುಗಳ ಮುಂದಿನ ಗಾಲಿಗೂ ಇದೇ ಅಳತೆ. ಬಳಿಕ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರಿಗೂ ತಗಡಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತವೆಂದು ಅವನೇ ಅಳೆಯಲಿ.